ಲೋಕದ ಕವಿತೆಗೆ ಪಂಚಾಂಗ ಓದಿದವರು

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ಶಿಷ್ಯನೊಬ್ಬ ಬಂದು ನನ್ನ ಕಾಲು ಮುಟ್ಟಲು ನೋಡಿದ. ಹೊಟ್ಟೆ ಅಡ್ಡ ಬಂದು ಕೈ ಮೊಣಕಾಲಿನವರೆಗೆ ಮಾತ್ರ ತಲುಪಿತು. ನನ್ನ ಕೈಕೆಳಗೆ ಡ್ರಿಲ್ ಮಾಡಿದವನ ಗತಿ ಇದಾಯಿತಲ್ಲ ಎಂದು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ: "ಸಾರ್, ನಿಮಗೆ ಗೊತ್ತಾಯ್ತಾ? ನಮ್ ಇಂಗ್ಲಿಷ್ ಮೇಷ್ಟ್ರು ಚಿಂತಾಮಣೀಲಿ ಹೋಗ್ಬಿಟ್ರಂತೆ. ತಿಂಗಳ ಮೇಲಾಯ್ತಂತೆ."

ಬಸ್ಸು ಬಂತು, ಹತ್ತಿದೆ, ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಬೇಕಾದವರು ಸತ್ತ ಸುದ್ದಿ ಕೇಳಿದರೆ ಮನುಷ್ಯನಿಗೆ ದುಃಖವಾಗಬೇಕು. ನನಗೆ ಆದದ್ದು ನಾಚಿಕೆ. ಅವರು ಬದುಕಿದ್ದಾಗಲೂ ಅವರ ನೆನಪಾದರೆ ನನಗೆ ಆಗುತ್ತಿದ್ದದ್ದು ಅದೇ. ಯಾಕೆಂದು ಹೇಳಬೇಕಾದರೆ ಅವರು ಎಂಥವರಾಗಿದ್ದರೆಂದು ಮೊದಲು ಹೇಳಬೇಕು. ಹೆಸರು ಹೇಳುವುದಿಲ್ಲ. ತಮ್ಮ ಹೆಸರು ಎಲ್ಲಿಯೂ ಅಚ್ಚಾಗಬಾರದೆಂದು ಅವರಿಗೊಂದು ಹಟವಿತ್ತು. ಬೇರೆಯವರ ಹೆಸರು ಓದುವುದಕ್ಕೇ ಆಯುಸ್ಸು ಸಾಲದು, ನನ್ನದೊಂದು ಯಾಕೆ ಎನ್ನುತ್ತಿದ್ದರು.

ಅವರು ಗೌರಿಬಿದನೂರಿನಿಂದ ವರ್ಗವಾಗಿ ಶಿಡ್ಲಘಟ್ಟದ ನಮ್ಮ ಹೈಸ್ಕೂಲಿಗೆ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ನಾನು ಅಲ್ಲಿ ಡ್ರಿಲ್ ಮೇಷ್ಟ್ರು. ಕವಿತೆಗೂ ನನಗೂ ಇದ್ದ ನಂಟೆಂದರೆ ಬೆಳಗಿನ ಪ್ರಾರ್ಥನೆ ಹಾಡುವಾಗ ಹುಡುಗರು ಒಬ್ಬರನ್ನೊಬ್ಬರು ಚಿವುಟದಂತೆ ನೋಡಿಕೊಳ್ಳುವುದು. ಬಂದ ಮೊದಲ ದಿನವೇ ಈ ಸಣಕಲು ಮನುಷ್ಯ ನಲ್ಲಿಯ ಹತ್ತಿರ ನಿಂತು ಕೈಯನ್ನು ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. "ಊಟಕ್ಕೆ ಇನ್ನೂ ಹೊತ್ತಿದೆಯಲ್ಲ ಸಾರ್" ಎಂದೆ. "ಊಟಕ್ಕಲ್ಲಯ್ಯ, ಓದೋಕೆ" ಎಂದರು. ಟವೆಲಿನಲ್ಲಿ ಕೈ ಒರೆಸಿಕೊಂಡು, ಚೀಲದಿಂದ ಮೂಲೆ ಹರಿದ ಯಾವುದೋ ದೇಶದ ಪತ್ರಿಕೆ ತೆಗೆದು, ಮಗುವಿನ ಶರಟಿನ ಗುಂಡಿ ಬಿಚ್ಚುವ ಹಾಗೆ ಒಂದೊಂದೇ ಹಾಳೆ ಬಿಡಿಸಿದರು. ಇವರಿಗೆ ಒಂದು ತಿರುಪು ಸಡಿಲ ಎಂದು ನಾನು ಅಂದೇ ತೀರ್ಮಾನಿಸಿದೆ.

ಅವರು ಮಾಡುತ್ತಿದ್ದ ಕೆಲಸ ಇಷ್ಟು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಲೋಕದಲ್ಲಿ ಅಚ್ಚಾದ ಕವಿತೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದು. ರಜೆ ಬಂದರೆ ಬೆಂಗಳೂರಿಗೆ ಬಸ್ಸು ಹತ್ತಿ ಲೈಬ್ರರಿಗಳಲ್ಲಿ ಕೂರುವರು. ಸಂಜೆ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪತ್ರಿಕೆಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂರುವರು. ದೆಹಲಿಯಲ್ಲಿರುವ ಬೇರೆ ಬೇರೆ ದೇಶಗಳ ಕಚೇರಿಗಳಿಗೆ ಕಾರ್ಡು ಬರೆದು ಪತ್ರಿಕೆ ಕಳಿಸಿ ಎಂದು ಕೇಳುವರು. ಕೆಲವರು ಕಳಿಸುತ್ತಲೂ ಇದ್ದರು. "ಲೋಕದ ಕವಿತೆಯೆಲ್ಲ ನೀವೊಬ್ರೇ ಓದೋಕಾಗುತ್ತಾ ಸಾರ್?" ಎಂದು ನಾನು ಕೆಣಕಿದರೆ, "ಜೋಯಿಸರು ಆಕಾಶವನ್ನೆಲ್ಲ ಸುತ್ತಿ ಬಂದು ಪಂಚಾಂಗ ಓದ್ತಾರೇನಯ್ಯ?" ಎನ್ನುತ್ತಿದ್ದರು. ನೀವೇ ಒಂದು ಬರೆಯಬಾರದೇ ಎಂದದ್ದಕ್ಕೆ, "ಇಷ್ಟೊಂದು ಜನ ಬರೀತಿರುವಾಗ ಓದೋಕೆ ಒಬ್ಬನಾದ್ರೂ ಬೇಡ್ವೇ?" ಎಂದರು.

ಯುಗಾದಿಯ ಸಂಜೆ ನಮ್ಮ ಬೀದಿಯ ದೇವಸ್ಥಾನದ ಅಂಗಳದಲ್ಲಿ ಜೋಯಿಸರು ಪಂಚಾಂಗ ಓದುತ್ತಿದ್ದರು. ಹೊಸ ಸಂವತ್ಸರಕ್ಕೆ ರಾಜ ಯಾವ ಗ್ರಹ, ಮಂತ್ರಿ ಯಾವುದು, ಮಳೆ ಎಷ್ಟು, ಬೆಳೆ ಎಷ್ಟು. ನೂಲು ತೆಗೆಯುವವರು, ಹಿಪ್ಪುನೇರಳೆ ಬೆಳೆಯುವವರು, ಮೇಲೂರು, ಜಂಗಮಕೋಟೆಯ ಕಡೆಯವರು, ಎಲ್ಲರೂ ಬೇವುಬೆಲ್ಲ ತಿಂದು ಬಂದು ಕೂರುತ್ತಿದ್ದರು. ಒಂದು ಸಲ ಜೋಯಿಸರು ತಮ್ಮದು ಮುಗಿಸಿ, "ಮೇಷ್ಟ್ರು ಅದೇನೋ ವರ್ಷವೆಲ್ಲ ಓದ್ತಾರಂತಲ್ಲ, ಅದರ ಫಲವನ್ನೂ ಒಂದಿಷ್ಟು ಕೇಳೋಣ" ಎಂದು ತಮಾಷೆಗೆ ಕರೆದರು. ಇವರು ಎದ್ದೇಬಿಟ್ಟರು. "ಕಳೆದ ಸಂವತ್ಸರದ ಲೋಕದ ಕವಿತೆಗೆ ರಾಜ ಹಸಿವು. ಮಂತ್ರಿ ಅಮ್ಮ. ಸೇನಾಧಿಪತಿ ನದಿ. ಮೇಘಾಧಿಪತಿ ಸೆರೆಮನೆ" ಎಂದು ಶುರುಮಾಡಿದಾಗ ಜೋಯಿಸರೇ ಮೊದಲು ನಕ್ಕರು. "ಪೋಲೆಂಡಿನಲ್ಲಿ ಫಸಲು ಚೆನ್ನಾಗಿದೆ, ಮನೆಗೆ ಸಾಗಿಸೋಕೆ ಬಿಡ್ತಿಲ್ಲ. ಜಪಾನಿನಲ್ಲಿ ಕಾಳು ಸಣ್ಣದು, ರುಚಿ ಜಾಸ್ತಿ. ನಮ್ಮ ತಾಲ್ಲೂಕಿನಲ್ಲಿ ಈ ವರ್ಷ ಬಿತ್ತನೆಯೇ ಆಗಿಲ್ಲ." ಜನ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಾಲ್ಕಾರು ಕವಿತೆಗಳನ್ನು ತಾವೇ ಕನ್ನಡ ಮಾಡಿಕೊಂಡು ಓದಿದರು, ಗಡಿಯ ಕಡೆಯಿಂದ ಬಂದವರಿಗೆ ನಡುನಡುವೆ ತೆಲುಗಿನಲ್ಲಿ ಬಿಡಿಸಿ ಹೇಳಿದರು. ನಗುತ್ತಿದ್ದವರು ಆಗ ಮುಂದಕ್ಕೆ ಸರಿದು ಕೂತರು. ಅಂದಿನಿಂದ ಪ್ರತಿ ಯುಗಾದಿಗೂ ಜೋಯಿಸರ ಹಿಂದೆಯೇ ಇವರ ಓದು. ರೇಷ್ಮೆಗೂಡಿನ ರೇಟು ಏನಾಗ್ತದೆ ಅಂತ ಆ ಕವಿತೆಗಳಲ್ಲಿ ಬಂದಿಲ್ವಾ ಎಂದು ಯಾರಾದರೂ ಕೂಗಿದರೆ, "ಅದು ಜೋಯಿಸರ ಇಲಾಖೆ" ಎಂದು ಕೈಮುಗಿಯುತ್ತಿದ್ದರು.

ಆ ಓದಿಗೆ ಅವರದೊಂದು ನೇಮವಿತ್ತು. ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಒಂದು ವರ್ಷ ಯಾರೋ ರಾಜಕೀಯದ ದೊಡ್ಡವರು ಹಬ್ಬಕ್ಕೆ ಬರುವವರಿದ್ದರು. ಗದ್ದುಗೆಯ ಮೇಲೆ ಕೂತವರನ್ನು ಬೈಯುವ ಕವಿತೆಯೊಂದನ್ನು ಬಿಟ್ಟುಬಿಡಿ ಎಂದು ನಮ್ಮ ಹೆಡ್ಮಾಸ್ಟರು ಕೇಳಿಕೊಂಡರು. "ಬೇಕಾದ್ರೆ ನನ್ನನ್ನೇ ಬಿಟ್ಬಿಡಿ" ಎಂದರು ಇವರು. ಬಿಡಲಿಲ್ಲ, ಓದಿದರು, ದೊಡ್ಡವರು ಅರ್ಥವಾಗದೆ ಚಪ್ಪಾಳೆ ತಟ್ಟಿ ಹೋದರು. ಇನ್ನೊಂದು ಸಲ ಯಾವುದೋ ದೇಶದ ಕವಿಯನ್ನು ಗಂಡಸೆಂದುಕೊಂಡು 'ಅವನು, ಅವನು' ಎಂದು ಓದಿದ್ದರು. ಆಕೆ ಹೆಂಗಸೆಂದು ಆಮೇಲೆ ತಿಳಿಯಿತು. ಮುಂದಿನ ಯುಗಾದಿಗೆ ಎದ್ದವರೇ ಮೊದಲು ಆಕೆಯ ಕ್ಷಮೆ ಕೇಳಿದರು. "ಆಯಮ್ಮನಿಗೆ ಇದು ಹ್ಯಾಗೆ ಗೊತ್ತಾಗ್ಬೇಕು ಸಾರ್?" ಎಂದು ನಾನು ಆಡಿಕೊಂಡೆ. "ನನಗೆ ಗೊತ್ತಾಯ್ತಲ್ಲಯ್ಯ" ಎಂದರು.

ನಾಚಿಕೆಯ ಸ್ವಭಾವ ಅವರದು. ತಮ್ಮದಲ್ಲದ ತಪ್ಪಿಗೂ ನಾಚುವರು. ಪರೀಕ್ಷೆಯಲ್ಲಿ ಹುಡುಗ ಚೀಟಿ ತೆಗೆದರೆ ಇವರ ಕಿವಿ ಕೆಂಪಾಗುತ್ತಿತ್ತು. ಹೋಗಿ ಹಿಡಿಯುವ ಬದಲು ಅವನ ಮುಂದೆ ತಲೆತಗ್ಗಿಸಿ ನಿಂತುಬಿಡುವರು. ಹುಡುಗ ತಾನಾಗಿಯೇ ಚೀಟಿ ಕೊಟ್ಟುಬಿಡುತ್ತಿದ್ದ. ಇದೆಂಥ ಶಿಸ್ತು ಎಂದು ನನಗೆ ಸಿಟ್ಟು ಬರುತ್ತಿತ್ತು. ನನ್ನ ಬೆತ್ತ ನೂರು ಸಲ ಮಾಡಲಾಗದ್ದನ್ನು ಅವರು ಸುಮ್ಮನೆ ನಿಂತು ಮಾಡುತ್ತಿದ್ದರು ಎಂಬುದೇ ಆ ಸಿಟ್ಟಿಗೆ ಕಾರಣ, ಬೇರೇನಿಲ್ಲ.

ಅವರು ಬಾಡಿಗೆಗೆ ಇದ್ದದ್ದು ನಮ್ಮ ಬೀದಿಯಲ್ಲೇ, ಮುನಿಯಮ್ಮನವರ ಮನೆಯ ಹೊರಕೋಣೆಯಲ್ಲಿ. ಮುನಿಯಮ್ಮನವರು ಒಂಟಿ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಒಬ್ಬನೇ ಮಗ ವೆಂಕಟೇಶ, ನನ್ನ ಜೊತೆ ಓದಿದವನು, ಕಬಡ್ಡಿಯಲ್ಲಿ ನನ್ನ ಮಂಡಿ ಮುರಿದವನು. ರೇಷ್ಮೆ ನೂಲಿನ ಲೋಡಿನ ಜೊತೆ ಲಾರಿಯಲ್ಲಿ ಬನಾರಸಿನ ಕಡೆಗೆ ಹೋದವನು ವಾಪಸು ಬರಲಿಲ್ಲ. ಲಾರಿ ಬಂತು, ಡ್ರೈವರು ಬಂದ, ಅವನು ದಾರಿಯಲ್ಲಿ ಎಲ್ಲೋ ಇಳಿದು ಹೋದನಂತೆ. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಅವನು ಬಂದರೆ ಎಂದು ಮುನಿಯಮ್ಮನವರು ರಾತ್ರಿ ಅಗುಳಿ ಹಾಕುತ್ತಿರಲಿಲ್ಲ, ನಡುಮನೆಯಲ್ಲಿ ಗೋಡೆಗೊರಗಿ ಅರೆನಿದ್ದೆ ಮಾಡುತ್ತಿದ್ದರು.

ನಮ್ಮ ಕಡೆ ಪಿತೃಪಕ್ಷದ ಅಮಾವಾಸ್ಯೆಗೆ ಮನೆಯಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಗೋಡೆಯ ಉದ್ದಕ್ಕೆ ಬಾಳೆಲೆ ಹಾಕಿ, ಒಬ್ಬೊಬ್ಬರಿಗೆ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ ಆ ಎಡೆಯನ್ನು ಮನೆಯವರೂ ಕರೆದವರೂ ಊಟ ಮಾಡುತ್ತಾರೆ. ಪ್ರತಿವರ್ಷ ಬೀದಿಯ ಹೆಂಗಸರು ಮುನಿಯಮ್ಮನವರಿಗೆ ಹೇಳುತ್ತಿದ್ದರು, ಇಷ್ಟು ವರ್ಷವಾಯಿತು, ವೆಂಕಟೇಶನಿಗೂ ಒಂದು ಎಲೆ ಹಾಕಿಬಿಡು, ಅವನ ಜೀವಕ್ಕೆ ಶಾಂತಿ, ನಿನಗೂ ನಿದ್ದೆ. "ಬಿಡ್ತು ಅನ್ರಮ್ಮ" ಎಂದು ಮುನಿಯಮ್ಮನವರು ಅವರನ್ನು ಅಟ್ಟುತ್ತಿದ್ದರು.

ಹೀಗಿರುವಾಗ ಒಂದು ಯುಗಾದಿಗೆ ಮೇಷ್ಟ್ರು ದಕ್ಷಿಣ ಅಮೆರಿಕದ ಒಬ್ಬ ಕವಿಯ ಸುದ್ದಿ ತಂದರು. ಅವನನ್ನು ಸೈನಿಕರು ಮನೆಯಿಂದ ಎಳೆದೊಯ್ದಿದ್ದರು, ಎಷ್ಟೋ ವರ್ಷ ಸುಳಿವಿರಲಿಲ್ಲ. ಈಗ ಸೆರೆಯಲ್ಲಿ ಸತ್ತನೆಂದು ಪತ್ರಿಕೆಯಲ್ಲಿ ಕಪ್ಪು ಚೌಕಟ್ಟು ಹಾಕಿ ಅವನ ಕೊನೆಯ ಕವಿತೆ ಅಚ್ಚಾಗಿತ್ತು. ಸೆರೆಯಿಂದ ತಾಯಿಗೆ ಹೇಳುವ ಮಾತು ಅದು. ಅಮ್ಮ, ಬಾಗಿಲು ತೆರೆದಿಟ್ಟು ಕೂರಬೇಡ, ಚಳಿ ಒಳಗೆ ಬರುತ್ತದೆ. ಉಂಡು ಮಲಗು. ನಾನು ಬರುವುದಾದರೆ ನಾನೇ ಕೂಗುತ್ತೇನೆ. ಅಷ್ಟೇ. ಹೆಂಗಸರ ಸಾಲಿನಲ್ಲಿ ಕೂತಿದ್ದ ಮುನಿಯಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಅಂದು ರಾತ್ರಿ ಆ ಮನೆಯ ಅಗುಳಿ ಬಿದ್ದ ಸದ್ದು ಕೇಳಿತೆಂದು ಮೇಷ್ಟ್ರು ಮರುದಿನ ಬಂದು ನನಗೆ ಹೇಳಿದರು.

ಆ ಸಲದ ಪಿತೃಪಕ್ಷಕ್ಕೆ ಮುನಿಯಮ್ಮನವರು ಮಗನಿಗೆ ಎಡೆ ಇಟ್ಟರು. ಅವನ ಪಕ್ಕದಲ್ಲಿ ಇನ್ನೊಂದು ಎಲೆ, ಆ ಕವಿಗೆ. "ಆ ಅಬ್ಬಾಯಿಗೆ ಅಲ್ಲಿ ಯಾರು ಇಡ್ತಾರೆ? ಆ ದೇಶದಾಗೆ ಇದೆಲ್ಲ ಇಲ್ವಂತಲ್ಲ. ನನ್ ಮಗಂಗೆ ದಾರಿ ತೋರ್ಸಿದೋನು, ಬಾಯಿ ಒಣಗಿಸ್ಕೊಂಡು ಹೋಗ್ಬೇಕಾ?" ಎಂದರು. ಅವನಿಗೆ ಏನು ಇಷ್ಟ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಎರಡು ದಿನ ಪತ್ರಿಕೆಗಳನ್ನೆಲ್ಲ ತಡಕಾಡಿ, ಅವನ ಒಂದು ಕವಿತೆಯಲ್ಲಿ ಬೇಯಿಸಿದ ಮುಸುಕಿನ ಜೋಳವೂ ಕಾಫಿಯೂ ಬರುತ್ತದೆಂದು ಕಂಡುಹಿಡಿದರು. ವಡೆ, ಪಾಯಸ, ಹುರುಳಿಕಾಳಿನ ಸಾರಿನ ಜೊತೆಗೆ ಆ ಎಲೆಗೆ ಜೋಳದ ತೆನೆಯೂ ಲೋಟ ಕಾಫಿಯೂ ಬಂದವು. "ಅವನ ಕಡೆಯೋರು ನೀವೇ" ಎಂದು ಆ ಎಡೆಯನ್ನು ಮೇಷ್ಟ್ರಿಗೆ ಬಡಿಸಿದರು. "ನೀನು ಅವನ ಜೊತೆಗಾರ ಕಣಪ್ಪ" ಎಂದು ವೆಂಕಟೇಶನದನ್ನು ನನಗೆ. ಆ ವರ್ಷ ಮುನಿಯಮ್ಮನವರು ಮಂಚದ ಮೇಲೆ ಮಲಗಿದರು, ಹೊತ್ತಿಗೆ ಸರಿಯಾಗಿ ಉಂಡರು, ಮೈ ಸ್ವಲ್ಪ ತುಂಬಿಕೊಂಡಿತು. ಕವಿತೆಯಿಂದ ಇಂಥ ಉಪಯೋಗವೂ ಇದೆಯೇ ಎಂದು ನನಗೇ ಆಶ್ಚರ್ಯವಾಯಿತು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನಾನು ಮೈದಾನದಲ್ಲಿ ಹುಡುಗರನ್ನು ಓಡಿಸುತ್ತಿದ್ದೆ. ಮೇಷ್ಟ್ರು ತರಗತಿ ಬಿಟ್ಟು ಒಂದು ಪತ್ರಿಕೆ ಹಿಡಿದುಕೊಂಡು ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಬದುಕಿದ್ದಾನೆ ಕಣಯ್ಯ. ಅವನು ಬದುಕಿದ್ದಾನೆ. ಬಿಡುಗಡೆಯಾಗಿ ಬೇರೆ ದೇಶ ಸೇರಿದ್ದಾನೆ. ಸತ್ತದ್ದು ಸುಳ್ಳು ಸುದ್ದಿ. ಹೊಸ ಪುಸ್ತಕ ಬಂದಿದೆ ನೋಡು" ಎಂದರು. ಮುಖವೆಲ್ಲ ನಗು. ಮರುಗಳಿಗೆ ಆ ನಗು ಇಳಿಯಿತು. "ಮುನಿಯಮ್ಮ" ಎಂದರು.

ಸತ್ತನೆಂದುಕೊಂಡವನು ಬದುಕಿದ್ದಾನೆಂದು ತಿಳಿದರೆ ಆ ತಾಯಿ ಏನಾದಾಳು? ಮತ್ತೆ ಅಗುಳಿ ತೆಗೆದಾಳು, ಮತ್ತೆ ಗೋಡೆಗೊರಗಿ ಕೂತಾಳು. ಇಷ್ಟು ನನ್ನ ಮಂದ ತಲೆಗೂ ಹೊಳೆಯಿತು. "ಸುಮ್ನಿದ್ಬಿಡಿ ಸಾರ್" ಎಂದೆ. "ಆ ದೇಶ ಎಲ್ಲಿ, ನಮ್ಮೂರೆಲ್ಲಿ. ಅವನು ಬದುಕಿದ್ರೆ ಅವನಿಗೆ ಒಳ್ಳೇದು. ಈಯಮ್ಮ ಈಗ್ಲಾದ್ರೂ ಉಂಡು ಮಲಗ್ತಿದ್ದಾರೆ."

"ಯುಗಾದಿಗೆ ಓದ್ಬೇಕಲ್ಲಯ್ಯ. ಈ ವರ್ಷ ಬಂದಿರೋದ್ರಲ್ಲಿ ಇದೇ ದೊಡ್ಡದು."

"ಒಂದು ಬಿಟ್ರೆ ಲೋಕ ಮುಳುಗಿ ಹೋಗಲ್ಲ ಬಿಡಿ."

ಅವರು ನನ್ನ ಮುಖವನ್ನೇ ನೋಡಿದರು. ನಾನು ಸೀಟಿ ಊದಿ ಹುಡುಗರ ಕಡೆ ತಿರುಗಿದೆ. ಬುದ್ಧಿ ಹೇಳಿದೆನೆಂಬ ಹೆಮ್ಮೆ ಬೇರೆ ನನಗೆ.

ಆ ಯುಗಾದಿಗೆ ಅವರು ಓದಿದರು. ರಾಜ, ಮಂತ್ರಿ, ಫಸಲು ಎಲ್ಲ ಬಂತು. ದಕ್ಷಿಣ ಅಮೆರಿಕ ಬಂದಾಗ ಲೋಟ ಎತ್ತಿ ನೀರು ಕುಡಿದು ಆಫ್ರಿಕಕ್ಕೆ ಹೋದರು. ಯಾರಿಗೂ ಗೊತ್ತಾಗಲಿಲ್ಲ. ಇಳಿದು ಬಂದು ನನ್ನ ಪಕ್ಕ ಕೂತು, "ಕಳೆದೆ ಕಣಯ್ಯ" ಎಂದರು. ನಾನು ಅವರ ಬೆನ್ನು ತಟ್ಟಿದೆ, ಪಂದ್ಯ ಸೋತ ಹುಡುಗರಿಗೆ ತಟ್ಟುವ ಹಾಗೆ.

ಪಿತೃಪಕ್ಷ ಬಂತು. ಮತ್ತೆ ಎಲೆ ಹಾಕಿದರು, ಮತ್ತೆ ಜೋಳ, ಮತ್ತೆ ಕಾಫಿ. ಬದುಕಿರುವವನ ಎಡೆಯ ಮುಂದೆ ಮೇಷ್ಟ್ರು ಕೂತರು. "ಆ ಅಬ್ಬಾಯಿ ಪದ ಇನ್ನೊಂದ್ಸಲ ಹೇಳಿ ಮೇಷ್ಟ್ರೇ" ಎಂದರು ಮುನಿಯಮ್ಮನವರು. ಎಲೆಯಲ್ಲಿ ಕೈಯಿಟ್ಟುಕೊಂಡು ಅವರು ಹೇಳಿದರು. ತೆನೆಯಿಂದ ಒಂದೊಂದೇ ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡರು. ನಾನು ಪಕ್ಕದಲ್ಲಿ ಕೂತು ಗಡದ್ದಾಗಿ ಉಂಡೆ, ವಡೆ ಎರಡನೇ ಸಲ ಹಾಕಿಸಿಕೊಂಡೆ. ಹೇಳಿಕೊಳ್ಳುವುದಕ್ಕೂ ಹೇಸಿಗೆಯಾಗುತ್ತದೆ, ಆದರೆ ಹಾಕಿಸಿಕೊಂಡದ್ದು ನಿಜ.

ಮುಂದಿನ ಯುಗಾದಿಗೆ ಜ್ವರವೆಂದು ಹೇಳಿ ಅವರು ದೇವಸ್ಥಾನಕ್ಕೆ ಬರಲಿಲ್ಲ. ಜೋಯಿಸರು ಓದಿ ಮುಗಿಸಿದ ಮೇಲೂ ಜನ ಸ್ವಲ್ಪ ಹೊತ್ತು ಏಳದೆ ಕೂತಿದ್ದರು. ಪೋಲೆಂಡಿನ ಫಸಲು ಏನಾಯಿತೆಂದು ನೂಲು ತೆಗೆಯುವವನೊಬ್ಬ ನನ್ನನ್ನು ಕೇಳಿದ. ನನಗೇನು ಗೊತ್ತು ಎಂದು ಗದರಿದೆ. ಅವರು ಮತ್ತೆಂದೂ ಓದಲಿಲ್ಲ. ಮುಂದೆ ಒಂದು ವರ್ಷಕ್ಕೆ ತಾವಾಗಿಯೇ ಕೇಳಿಕೊಂಡು ಚಿಂತಾಮಣಿಗೆ ವರ್ಗ ಮಾಡಿಸಿಕೊಂಡರು. ಅಲ್ಲಿ ಅವರು ಕವಿತೆ ಓದುವ ಮನುಷ್ಯ ಎಂಬುದೇ ಯಾರಿಗೂ ಗೊತ್ತಿರಲಿಲ್ಲವೆಂದು ಬಸ್ ನಿಲ್ದಾಣದಲ್ಲಿ ಸಿಕ್ಕ ಆ ಶಿಷ್ಯ ಹೇಳಿದ. ಒಳ್ಳೇ ಇಂಗ್ಲಿಷ್ ಗ್ರಾಮರ್ ಮೇಷ್ಟ್ರು ಎಂದು ಹೆಸರಿತ್ತಂತೆ.

ಅವರು ಓದು ನಿಲ್ಲಿಸಿದ ಆ ವರ್ಷದ ಪಿತೃಪಕ್ಷದ್ದೇ ನಾನು ಹೇಳಬೇಕಾದದ್ದು. ಬಿಸಿಲು ಚೆನ್ನಾಗಿತ್ತು. ನಡುಮನೆಯಲ್ಲಿ ಎಲೆಗಳ ಸಾಲು: ಗಂಡ, ಅತ್ತೆ, ವೆಂಕಟೇಶ, ಕವಿ. ಬಾಗಿಲು ಮುಂದೆ ಮಾಡಿ ನಾವು ಜಗಲಿಯಲ್ಲಿ ಕೂತಿದ್ದಾಗಲೇ ಮೇಷ್ಟ್ರ ಕಿವಿ ಕೆಂಪಾಗಿತ್ತು. ಒಳಗೆ ಕರೆದರು, ಕೂತೆವು. ನನ್ನ ಎಲೆಗೆ ವೆಂಕಟೇಶನ ಎಡೆಯಿಂದ ಬಡಿಸಿದರು, ನಾನು ಕಲಸಿ ತುತ್ತು ಎತ್ತಿದೆ. ಮೇಷ್ಟ್ರು ಎಲೆ ಮುಟ್ಟಲಿಲ್ಲ.

"ತಣ್ಣಗಾಗ್ತದೆ, ತಿನ್ನಿ ಮೇಷ್ಟ್ರೇ."

"ಅಮ್ಮ, ಆ ಕವಿ ಸತ್ತಿಲ್ಲ. ಬದುಕಿದ್ದಾರೆ. ನಾನು ಓದಿದ್ದು ತಪ್ಪು ಸುದ್ದಿ."

ಮುನಿಯಮ್ಮನವರು ಸೌಟನ್ನು ಪಾತ್ರೆಯಲ್ಲಿಟ್ಟರು. "ಯಾವಾಗ ಗೊತ್ತಾಯ್ತು ನಿಮಗೆ?"

"ಹೋದ ವರ್ಷದ ಎಡೆಗೆ ಮುಂಚೆ."

"ಗೊತ್ತಿದ್ದೂ ತಿಂದ್ರಾ?"

ಮೇಷ್ಟ್ರ ಪರವಾಗಿ ಮಾತಾಡುವ ಶೂರ ನಾನಿದ್ದೆನಲ್ಲ, ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿದೆ: "ನಾನೇ ಬೇಡ ಅಂದೆ ಅಮ್ಮ. ಗೊತ್ತಾದ್ರೆ ನಿಮಗೆ ಮತ್ತೆ ಆಸೆ ಹುಟ್ಟುತ್ತೆ, ಮತ್ತೆ ಕಾಯ್ತೀರ ಅಂತ."

"ನನಗೆ ಆಸೆ ಹುಟ್ಟಿದ್ರೆ ನಾನು ಪಡ್ತಿದ್ದೆ ಕಣಪ್ಪ, ಅದು ನನ್ ಪಾಡು" ಎಂದರು. ಧ್ವನಿ ಎತ್ತರಿಸಲಿಲ್ಲ. "ಬದುಕಿರೋ ಹುಡುಗನಿಗೆ ನನ್ ಕೈಲಿ ಎಡೆ ಇಡ್ಸಿದ್ರಲ್ಲ ಇಬ್ಬರೂ. ಅವನನ್ನ ಹೆತ್ತೋಳು ಒಬ್ಬಳಿದಾಳಲ್ಲಪ್ಪ. ಎಲ್ಲೋ ಕೂತ್ಕೊಂಡು ಅವನ ದಾರಿ ನೋಡ್ತಿರ್ತಾಳೆ. ಅವಳಿಗೆ ನಾನು ಯಾವ ಮುಖ ತೋರಿಸ್ಲಿ?"

ನಾವಿಬ್ಬರೂ ಎರಡು ವರ್ಷ ಹೆದರಿದ್ದೆಲ್ಲ ಈಕೆಯ ಮಗನ ಆಸೆಗೆ. ಆ ಇನ್ನೊಬ್ಬ ತಾಯಿ ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಲೋಕದ ಕವಿತೆಯೆಲ್ಲ ಓದಿದವರೂ ತಲೆ ತಗ್ಗಿಸಿ ಕೂತಿದ್ದರು, ಏನೂ ಓದದ ನಾನೂ ಕೂತಿದ್ದೆ. ಮುನಿಯಮ್ಮನವರು ಬಗ್ಗಿ ಕವಿಯ ಎಲೆಯನ್ನು ಜೋಳದ ಸಮೇತ ಮಡಚಿ ಎತ್ತಿಕೊಂಡರು.

"ನನ್ ಮಗ ಬದುಕಿರುವಾಗ ಯಾವಳಾದ್ರೂ ಅವನಿಗೆ ಹಿಂಗೆ ಎಡೆ ಇಟ್ಟಿದ್ರೆ..." ಎಂದು ಹೇಳುತ್ತಿದ್ದವರ ಮಾತು ಅಲ್ಲಿಗೇ ನಿಂತಿತು.

ಅವರ ಕಣ್ಣು ಪಕ್ಕದ ಎಲೆಯ ಮೇಲಿತ್ತು. ವೆಂಕಟೇಶನದು, ಅವರೇ ತಮ್ಮ ಕೈಯಾರೆ ಹಾಕಿದ್ದು. ಸಾಂಬ್ರಾಣಿಯ ಹೊಗೆ ಇನ್ನೂ ಅದರ ಮೇಲೆ ಆಡುತ್ತಿತ್ತು. ಮುನಿಯಮ್ಮನವರು ಅದನ್ನು ಎತ್ತಲಿಲ್ಲ, ಅಲ್ಲಿಂದ ಸರಿಯಲೂ ಇಲ್ಲ. ಮೇಷ್ಟ್ರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನನ್ನ ಬಾಯಲ್ಲಿ ಆ ಮಗನ ಎಡೆಯ ತುತ್ತಿತ್ತು. ಅದನ್ನು ನುಂಗುವುದೋ ಉಗುಳುವುದೋ ಗೊತ್ತಾಗದೆ ಆ ತಾಯಿಯ ಮುಂದೆ ಹಾಗೆಯೇ ಬಾಯಿ ಮುಚ್ಚಿಕೊಂಡು ಕೂತಿದ್ದೆ.